ಟೇಪು ಅಳೆಯದ ಎದೆ

ಅಗ್ನಿವೀರ ಭರ್ತಿಗೆ ಹೋಗುವ ಹುಡುಗನ ಎದೆಯ ಸುತ್ತಳತೆ ಕನಿಷ್ಠ 77 ಸೆಂ.ಮೀ. ಇರಬೇಕು, ಉಸಿರೆಳೆದಾಗ ಇನ್ನೂ 5 ಸೆಂ.ಮೀ. ಹಿಗ್ಗಬೇಕು. ಜೊತೆಗೆ 1.6 ಕಿ.ಮೀ. ಓಟ. ನಮ್ಮ ಸಂತೆಕಟ್ಟೆಯಲ್ಲೂ ಇದಕ್ಕಾಗಿ ಬೆಳಗ್ಗೆ ಬೇಗ ಎದ್ದು ಓಡುವ ಹುಡುಗರಿದ್ದಾರೆ. ಹಾಗೆ ಓಡಬಲ್ಲವನ ಹೃದಯಕ್ಕೇನು ಚಿಂತೆ ಎಂದು ಮನೆಯವರೂ ನೆರೆಕರೆಯವರೂ ನಂಬುತ್ತಾರೆ. ವೈದ್ಯಕೀಯದ ಚರಿತ್ರೆ ಓದುತ್ತಿರುವ ನನಗೆ ಈ ನಂಬಿಕೆ ಅಲುಗಾಡಿದ ವರ್ಷವೊಂದು ಮುಖ್ಯವಾಗಿ ಕಾಣುತ್ತದೆ: 1953.

ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುವಾದದ್ದು ಆ ವರ್ಷ. ಅದೇ ವರ್ಷ ಜುಲೈಯಲ್ಲಿ ಅಮೆರಿಕದ ಸೇನಾ ವೈದ್ಯರಾದ ವಿಲಿಯಂ ಎನೋಸ್, ರಾಬರ್ಟ್ ಹೋಮ್ಸ್ ಮತ್ತು ಜೇಮ್ಸ್ ಬೇಯರ್, ಕೊರಿಯಾ ಯುದ್ಧದಲ್ಲಿ ಮಡಿದ 300 ಸೈನಿಕರ ಶವಪರೀಕ್ಷೆಯ ವರದಿ ಪ್ರಕಟಿಸಿದರು. ಸರಾಸರಿ ವಯಸ್ಸು ಸುಮಾರು 22. ಅವರು ಸತ್ತದ್ದು ಯುದ್ಧದಲ್ಲಿ, ಹೃದಯರೋಗದಿಂದಲ್ಲ. ಆದರೂ ಶೇ. 77.3 ಮಂದಿಯ ಹೃದಯದ ರಕ್ತನಾಳಗಳಲ್ಲಿ ಬರಿಗಣ್ಣಿಗೆ ಕಾಣುವಂತೆ ರೋಗದ ಗುರುತಿತ್ತು. ಹಲವರಲ್ಲಿ ನಾಳದ ಗೋಡೆ ತುಸು ದಪ್ಪವಾಗಿತ್ತಷ್ಟೆ. ಕೆಲವರಲ್ಲಿ ನಾಳವೇ ಮುಚ್ಚಿತ್ತು. ವಯಸ್ಸಾದವರ ಕಾಯಿಲೆ ಎಂದುಕೊಂಡದ್ದು ಸದ್ದಿಲ್ಲದೆ ಇಪ್ಪತ್ತರಲ್ಲೇ ಬೇರು ಬಿಟ್ಟಿತ್ತು.

ಸೈನಿಕರ ಊಟದ ಬಗ್ಗೆ ಅಲ್ಲಿಯವರೆಗೆ ಕೇಳುತ್ತಿದ್ದ ಪ್ರಶ್ನೆ ಬೇರೆ: ಕಡಿಮೆ ಭಾರದಲ್ಲಿ ಹೆಚ್ಚು ಶಕ್ತಿ ತುಂಬುವುದು ಹೇಗೆ? ಎರಡನೇ ಮಹಾಯುದ್ಧದ ‘ಕೆ ರೇಷನ್’ ಪೊಟ್ಟಣವನ್ನು ರೂಪಿಸಿದವರು ಅನ್ಸೆಲ್ ಕೀಸ್. ಸೈನಿಕರ ಕೈಸೇರಿದ ಪೊಟ್ಟಣದಲ್ಲಿ ಬಿಸ್ಕತ್ತು, ಡಬ್ಬಿಯ ಮಾಂಸ, ಚೀಸ್, ಸಿಹಿ, ಕೊನೆಗೆ ಸಿಗರೇಟೂ ಇರುತ್ತಿತ್ತು. ಅಮೆರಿಕದ ಸೇನೆ ಊಟದ ಪೊಟ್ಟಣದಿಂದ ಸಿಗರೇಟು ತೆಗೆದದ್ದು 1975ರಲ್ಲಿ. ಇದೇ ಕೀಸ್ 1958ರಲ್ಲಿ ಏಳು ದೇಶಗಳ ಅಧ್ಯಯನ ಆರಂಭಿಸಿ, ಆಹಾರದ ಸ್ಯಾಚುರೇಟೆಡ್ ಕೊಬ್ಬಿಗೂ ಹೃದಯರೋಗಕ್ಕೂ ಇರುವ ನಂಟನ್ನು ಚರ್ಚೆಗೆ ತಂದರು. ಆ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಊಟ ಎಷ್ಟು ಬಲ ಕೊಡುತ್ತದೆ ಎಂಬುದರ ಜೊತೆಗೆ, ನಾಳದಲ್ಲಿ ಏನು ಬಿಟ್ಟುಹೋಗುತ್ತದೆ ಎಂದೂ ಕೇಳುವುದು ರೂಢಿಯಾಯಿತು.

ಇರಾಕ್, ಅಫ್ಘಾನಿಸ್ತಾನಗಳ ಯುದ್ಧಕಾಲದಲ್ಲಿ ಮಡಿದ 3,832 ಅಮೆರಿಕನ್ ಸೈನಿಕರ ವರದಿ 2012ರಲ್ಲಿ ಬಂತು. ರೋಗದ ಗುರುತು ಕಂಡದ್ದು ಶೇ. 8.5 ಮಂದಿಯಲ್ಲಿ. ಪರೀಕ್ಷೆಯ ಕ್ರಮ ಒಂದೇ ಅಲ್ಲದ ಕಾರಣ ಎರಡು ಅಂಕಿಗಳನ್ನು ನೇರವಾಗಿ ಹೋಲಿಸುವಂತಿಲ್ಲ. ಆದರೂ ಧೂಮಪಾನ, ರಕ್ತದೊತ್ತಡ, ಕೊಲೆಸ್ಟರಾಲ್ ತಗ್ಗಿದ್ದು ಈ ಇಳಿಕೆಗೆ ಕಾರಣವಿರಬೇಕೆಂದು ಸಂಶೋಧಕರು ಬರೆದರು. ನನಗೆ ಇಲ್ಲಿ ಭರವಸೆ ಕಾಣುತ್ತದೆ: ಇದು ಹಣೆಬರಹವಲ್ಲ.

ನಮ್ಮ ಸೈನಿಕರ ಆಹಾರಕ್ಕೆಂದೇ ಮೈಸೂರಿನಲ್ಲಿ 1961ರಿಂದ ರಕ್ಷಣಾ ಆಹಾರ ಸಂಶೋಧನಾಲಯವಿದೆ. ಆದರೆ ಹುಡುಗ ಸೇನೆಯ ಮೆಸ್ಸು ಸೇರುವ ಮೊದಲು ಉಣ್ಣುವುದು ಮನೆಯಲ್ಲಿ, ಹಾಸ್ಟೆಲಿನಲ್ಲಿ, ಬೇಕರಿಯ ಮುಂದೆ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಉಳಿದವರಿಗಿಂತ ಐದಾರು ವರ್ಷ ಮೊದಲೇ ಆಗುತ್ತದೆಂದು 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನ ತೋರಿಸಿದೆ. ಹಾಗಿರುವಾಗ ಕುಚ್ಚಲಕ್ಕಿ ಗಂಜಿ, ಮೀನು ಸಾರಿನ ಜಾಗಕ್ಕೆ ದಿನವೂ ಪಫ್ಸು, ಸಿಗರೇಟು ಬಂದರೆ ಅದು ಹೊಟ್ಟೆಯ ವಿಷಯ ಮಾತ್ರವಲ್ಲ. ಓಟದ ಸಮಯ ಬರೆದಿಡುವ ಪುಸ್ತಕದಲ್ಲೇ ರಕ್ತದೊತ್ತಡಕ್ಕೂ ಒಂದು ಸಾಲು ಇರಲಿ.