ರಾಧಾ ಥಾಮಸ್ ಯಾರು? ದಂಡು ಪ್ರದೇಶದ ರಾಕ್ ಮತ್ತು 'ಲೈವ್ ಬ್ಯಾಂಡ್' ಅನ್ನೋ ಪದದ ಕಥೆ

ಬೆಂಗಳೂರು ದೇಶದ ರಾಕ್ ರಾಜಧಾನಿ ಅನ್ನೋ ಮಾತು ಹಳೆಯದು. ಪುರಾವೆ ಕೇಳಿದರೆ ಜನ ಅರಮನೆ ಮೈದಾನದ ಕಡೆ ಕೈ ತೋರಿಸ್ತಾರೆ: 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ. ಊರಿನದೇ ಬ್ಯಾಂಡುಗಳು ಯಾವುವು ಅಂದರೆ ಥರ್ಮಲ್ ಅಂಡ್ ಎ ಕ್ವಾರ್ಟರ್, ಕ್ರಿಪ್ಟೋಸ್, ಸ್ವರಾತ್ಮ, ರಘು ದೀಕ್ಷಿತ್ ಪ್ರಾಜೆಕ್ಟ್. ಇನ್ನೂ ಹಿಂದಕ್ಕೆ ಹೋದರೆ ಟ್ರೋಜನ್ಸ್ ಬ್ಯಾಂಡಿನ ಬಿದ್ದು. ಇಲ್ಲಿಂದ ಲಂಡನ್‌ಗೆ ಹೋಗಿ 1974ರಲ್ಲಿ 'ಕುಂಗ್ ಫೂ ಫೈಟಿಂಗ್' ಹಾಡನ್ನು ನಿರ್ಮಿಸಿದವರು ಅವರೇ.

ಈಗ ಈ ಪಟ್ಟಿಗೆ ಒಬ್ಬ ಹೆಣ್ಣುಮಗಳ ಹೆಸರು ಸೇರಿಸಿ ನೋಡೋಣ.

ತಡವರಿಸ್ತೀರಿ. ನಾನೂ ತಡವರಿಸಿದ್ದೆ. ಆದರೆ ಮೇಲೆ ಹೇಳಿದ ಊರಿನ ಬ್ಯಾಂಡುಗಳಲ್ಲಿ ಟ್ರೋಜನ್ಸ್ ಬಿಟ್ಟು ಉಳಿದ ಯಾವುದೂ ಹುಟ್ಟುವ ಮೊದಲೇ, 1970ರ ದಶಕದ ಶುರುವಿನಲ್ಲೇ, ಒಬ್ಬಾಕೆ ರಾಕ್ ಬ್ಯಾಂಡಿನ ಮುಂದೆ ನಿಂತು ಹಾಡಿದ್ದರು. ಹೆಸರು ರಾಧಾ ಥಾಮಸ್. ಗಾಯಕಿ, ಗೀತರಚನೆಕಾರ್ತಿ, ಲೇಖಕಿ. ಇಂಗ್ಲಿಷ್ ಪತ್ರಿಕೆ ಓದುವ, ಜಾಝ್ ಕೇಳುವ ಸಣ್ಣ ಬಳಗಕ್ಕೆ ಅವರು ಚೆನ್ನಾಗಿ ಗೊತ್ತು. ಕನ್ನಡದಲ್ಲಿ ಅವರ ಬಗ್ಗೆ ಓದಿದ ನೆನಪು ನನಗಂತೂ ಇಲ್ಲ.

ದಂಡಿನ ಹಿನ್ನೆಲೆ

ಮೊದಲು ಜಾಗದ ಬಗ್ಗೆ ಎರಡು ಮಾತು. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ತಮ್ಮ ಪಡೆಯನ್ನು ಹಲಸೂರಿನ ಪಕ್ಕಕ್ಕೆ ತಂದು ಕೂರಿಸಿದರು. ಅದೇ ದಂಡು. ಪೇಟೆ ಮೈಸೂರು ಸರ್ಕಾರದ್ದು, ದಂಡು ಬ್ರಿಟಿಷರದ್ದು. ಎರಡಕ್ಕೂ ಬೇರೆ ಬೇರೆ ಆಡಳಿತ. ದಂಡು ಮೈಸೂರಿನ ಕೈಗೆ ವಾಪಸ್ ಬಂದದ್ದು 1947ರ ಜುಲೈನಲ್ಲಿ, ಎರಡೂ ಸೇರಿ ಒಂದೇ ನಗರಪಾಲಿಕೆ ಆದದ್ದು 1949ರಲ್ಲಿ. ಆ ನೂರಮೂವತ್ತು ಚಿಲ್ಲರೆ ವರ್ಷಗಳಲ್ಲಿ ದಂಡಿನ ಕಡೆ ಬೇರೆಯದೇ ಒಂದು ಕಿವಿ ಬೆಳೆದಿತ್ತು. ಚರ್ಚಿನ ಕಾಯರ್, ರೆಜಿಮೆಂಟಿನ ಬ್ಯಾಂಡು, ಆಂಗ್ಲೋ ಇಂಡಿಯನ್ನರ ಕ್ಲಬ್ ಡಾನ್ಸು, ಶಿವಾಜಿನಗರದ ಗಲ್ಲಿಗಳ ತಮಿಳು ಮತ್ತು ದಖ್ಖನಿ ಉರ್ದು. ಗಿಟಾರು, ಡ್ರಮ್ಸು ಇಲ್ಲಿಯ ಮನೆಗಳಿಗೆ ಪರಕೀಯ ವಸ್ತುಗಳಾಗಿರಲಿಲ್ಲ.

ಹುಡುಗಿಯರಿಗೆ ಹಾಡೋದನ್ನ ಹೇಳಿಕೊಡೋದಕ್ಕೂ ದಂಡಿನಲ್ಲಿ ಅಡ್ಡಿ ಇರಲಿಲ್ಲ. ಕಾಯರ್‌ನಲ್ಲಿ ಹಾಡಬಹುದು, ಪಿಯಾನೋ ಕಲಿಯಬಹುದು, ಶಾಲೆಯ ವಾರ್ಷಿಕೋತ್ಸವದಲ್ಲಿ ಚಪ್ಪಾಳೆ ಗಿಟ್ಟಿಸಬಹುದು. ತಕರಾರು ಶುರುವಾಗೋದು ಆ ಹುಡುಗಿ ರಾತ್ರಿ ಹತ್ತಕ್ಕೆ, ಮದ್ಯ ಸಿಗುವ ಜಾಗದಲ್ಲಿ, ದುಡ್ಡಿಗಾಗಿ ಹಾಡೋಕೆ ನಿಂತಾಗ.

ಹ್ಯೂಮನ್ ಬಾಂಡೇಜ್‌ನಿಂದ ನ್ಯೂಯಾರ್ಕ್‌ಗೆ

ರಾಧಾ ಹಿಂದೂಸ್ತಾನಿ ಸಂಗೀತದ ತಾಲೀಮು ಪಡೆದವರು. ಅಲ್ಲಿಂದ ಅವರು ಬಂದದ್ದು 'ಹ್ಯೂಮನ್ ಬಾಂಡೇಜ್' ಎಂಬ ರಾಕ್ ಬ್ಯಾಂಡಿಗೆ. ಬೆಂಗಳೂರಿನ ನಂಟಿದ್ದ ಈ ಬ್ಯಾಂಡನ್ನು ಆ ತಲೆಮಾರಿನವರು ಇವತ್ತಿಗೂ ದೇಶದ ಒಳ್ಳೆಯ ಬ್ಯಾಂಡುಗಳ ಸಾಲಿನಲ್ಲಿ ನೆನೆಸಿಕೊಳ್ತಾರೆ. ಗಿಟಾರ್‌ನಲ್ಲಿ ಸುರೇಶ್ ಶೋತಮ್, ಡ್ರಮ್ಸ್‌ನಲ್ಲಿ ಅವರ ಸೋದರ ರಮೇಶ್ ಶೋತಮ್. ಈ ರಮೇಶ್ ಮುಂದೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನಲ್ಲಿ ತವಿಲ್ ಕಲಿತು, ಜರ್ಮನಿಗೆ ಹೋಗಿ ನೆಲೆಸಿ, ಯುರೋಪಿನ ಜಾಝ್ ವಲಯದಲ್ಲಿ ದೊಡ್ಡ ಹೆಸರಾದರು.

ಅದು ಸಿಗರೇಟ್ ಕಂಪನಿ ನಡೆಸುತ್ತಿದ್ದ 'ಸಿಮ್ಲಾ ಬೀಟ್' ಸ್ಪರ್ಧೆಗಳ ಕಾಲ. ದೆಹಲಿ, ಕಲ್ಕತ್ತ, ಬೊಂಬಾಯಿಯ ರೆಸ್ಟೋರೆಂಟುಗಳಲ್ಲಿ ಬ್ಯಾಂಡುಗಳಿಗೆ ತಿಂಗಳುಗಟ್ಟಲೆ ಕೆಲಸ ಸಿಗ್ತಿತ್ತು. ಆದರೆ ರೆಕಾರ್ಡ್ ಕಂಪನಿಗಳ ಕಣ್ಣೆಲ್ಲ ಸಿನಿಮಾದ ಮೇಲೆ, ಹಾಗಾಗಿ ಹೆಚ್ಚಿನ ಬ್ಯಾಂಡುಗಳು ಒಂದು ಎಲ್‌ಪಿಯನ್ನೂ ತರದೆ ಮುಗಿದುಹೋದವು. ಈಗ ಉಳಿದಿರೋದು ಕೇಳಿದವರ ನೆನಪು, ಕೆಲವು ಕಪ್ಪು ಬಿಳುಪು ಫೋಟೋ. ಇಂಥ ಕಡೆ ಚರಿತ್ರೆ ಬರೆಯೋರು ಯಾರನ್ನು ನೆನಪಿಟ್ಟುಕೊಳ್ತಾರೆ? ಗಿಟಾರ್ ಸೋಲೋ ಹೊಡೆದವನನ್ನ. ಹಾಡಿದವಳು 'ಬ್ಯಾಂಡಿನಲ್ಲಿದ್ದ ಹುಡುಗಿ' ಆಗಿಬಿಡ್ತಾಳೆ.

ರಾಧಾ ದೇಶ ಬಿಟ್ಟು ನ್ಯೂಯಾರ್ಕ್ ಸೇರಿದರು, ಎರಡು ದಶಕದಷ್ಟು ಕಾಲ ಅಲ್ಲಿದ್ದರು. ಅಲ್ಲಿಯ ಅತಿ ಮುಖ್ಯ ದಾಖಲೆ ಜಪಾನಿನ ಗಿಟಾರ್ ವಾದಕ ರಿಯೋ ಕವಾಸಾಕಿಯವರ 1979ರ ಆಲ್ಬಂ 'ಮಿರರ್ ಆಫ್ ಮೈ ಮೈಂಡ್'. ಕವಾಸಾಕಿ ಸಾಮಾನ್ಯರಲ್ಲ, ಗಿಲ್ ಇವಾನ್ಸ್, ಎಲ್ವಿನ್ ಜೋನ್ಸ್ ಜೊತೆ ನುಡಿಸಿದವರು. ಆ ಆಲ್ಬಮ್ಮಿನಲ್ಲಿ ಸ್ಯಾಕ್ಸೊಫೋನ್ ಮೈಕಲ್ ಬ್ರೆಕರ್, ಡ್ರಮ್ಸ್ ಹಾರ್ವಿ ಮೇಸನ್, ಬೇಸ್ ಆಂಟನಿ ಜ್ಯಾಕ್ಸನ್. ಅಂದಿನ ಅಮೆರಿಕದ ಮೊದಲ ಸಾಲಿನ ವಾದಕರು. ಅವರೆಲ್ಲರ ಮುಂದೆ ಮೈಕು ಹಿಡಿದದ್ದು ಇವರು. ಒಂದು ಹಾಡಿನ ಹೆಸರೇ 'ಡ್ರೀಮ್ಸ್ ಫಾರ್ ರಾಧಾ'. ಅದರಲ್ಲಿನ 'ಟ್ರಿಂಕೆಟ್ಸ್ ಅಂಡ್ ಥಿಂಗ್ಸ್' ಹಾಡನ್ನು ಹಳೆಯ ಫಂಕ್, ಸೋಲ್ ರೆಕಾರ್ಡು ಹುಡುಕುವ ಮಂದಿ ಇವತ್ತಿಗೂ ಬೆನ್ನಟ್ಟಿ ಕೇಳ್ತಾರೆ.

ಇಲ್ಲೊಂದು ಸಣ್ಣ ವಿಷಯ ಇದೆ, ನನಗೆ ಅದು ದೊಡ್ಡದು. ಆ ಆಲ್ಬಮ್ಮಿನ ಮೇಲೆ 'ರಾಧಾ ಥಾಮಸ್' ಅನ್ನೋ ಹೆಸರಿಲ್ಲ. ಅಲ್ಲಿರೋದು 'ರಾಧಾ ಶೋತಮ್'. ಗಂಡಸಿನ ಕೆಲಸದ ಪಟ್ಟಿ ಹುಟ್ಟಿನಿಂದ ಕೊನೆವರೆಗೆ ಒಂದೇ ಹೆಸರಿನ ಕೆಳಗೆ ಇರುತ್ತೆ. ಹೆಣ್ಣಿನದ್ದು ಎರಡಾಗಿ, ಮೂರಾಗಿ ಒಡೆಯುತ್ತೆ. ಈಗ ನೀವು ಫೋನಿನಲ್ಲಿ 'ರಾಧಾ ಥಾಮಸ್' ಅಂತ ಹುಡುಕಿದರೆ ಬೆಂಗಳೂರಿನ ಜಾಝ್ ಗಾಯಕಿ ಸಿಗ್ತಾರೆ. 1979ರ ನ್ಯೂಯಾರ್ಕಿನ ಗಾಯಕಿ ಬೇರೆ ಯಾರೋ ಅನ್ನೋ ಹಾಗೆ ಇನ್ನೆಲ್ಲೋ ಇರ್ತಾರೆ. ಆರ್ಕೈವ್ ಅಂದರೆ ರಾಜಕೀಯ ಅಂತ ನಾವು ಸೆಮಿನಾರುಗಳಲ್ಲಿ ಹೇಳೋದು ಇದನ್ನೇ ತಾನೆ?

ವಾಪಸ್ ಬಂದ ಮೇಲೆ

ಬೆಂಗಳೂರಿಗೆ ಮರಳಿದ ರಾಧಾ ಪತ್ರಿಕಾ ಸಂಪಾದನೆಯ ಕೆಲಸ ಮಾಡಿದರು, ಬರೆದರು. 'ಮೆನ್ ಆನ್ ಮೈ ಮೈಂಡ್' ಅವರ ಪುಸ್ತಕ. ಜೊತೆಗೆ 'ರಾಧಾ ಥಾಮಸ್ ಎನ್‌ಸೆಂಬಲ್' ಕಟ್ಟಿಕೊಂಡು ಮತ್ತೆ ವೇದಿಕೆ ಹತ್ತಿದರು. ಗಿಟಾರ್‌ಗೆ ರಾಮ್‌ಜಿ ಚಂದ್ರನ್, ಪಿಯಾನೋಗೆ ತಮಗಿಂತ ಎಷ್ಟೋ ಕಿರಿಯರಾದ ಅಮನ್ ಮಹಾಜನ್. ಅಮನ್ ಜೊತೆ ಸೇರಿ 'ಬ್ಯಾಂಗಲೋರ್ ಬ್ಲೂಸ್' ಎಂಬ ಆಲ್ಬಂ ತಂದರು; ಅದರಲ್ಲಿರೋದು ಇವರೇ ಕಟ್ಟಿದ ಹಾಡುಗಳು.

ಈ ಹೊತ್ತಿಗೆ ಅವರ ಸಂಗೀತ ರಾಕ್ ಅಲ್ಲ, ಜಾಝ್. ಇದನ್ನು ಬೆಳವಣಿಗೆ ಅಂತಲೂ ಓದಬಹುದು. ನನಗನ್ನಿಸೋದು ಬೇರೆ. ರಾಕ್ ವೇದಿಕೆ ಹೆಣ್ಣಿಗೆ ವಯಸ್ಸಾಗೋಕೆ ಬಿಡಲ್ಲ. ಮಿಕ್ ಜಾಗರ್ ಅರಮನೆ ಮೈದಾನದಲ್ಲಿ ಕುಣಿದಾಗ ಅರವತ್ತಕ್ಕೆ ಕೆಲವೇ ತಿಂಗಳು ಬಾಕಿ, ಯಾರೂ ಹುಬ್ಬೇರಿಸಲಿಲ್ಲ. ಅದೇ ವಯಸ್ಸಿನ ಹೆಂಗಸೊಬ್ಬಳು ನಮ್ಮ ಊರಿನ ಪಬ್ಬಿನಲ್ಲಿ ಡಿಸ್ಟಾರ್ಷನ್ ಏರಿಸಿ ಕಿರುಚಿದರೆ? ಜಾಝ್ ಸ್ವಲ್ಪ ಮರ್ಯಾದೆ ಕೊಡುತ್ತೆ, ಕೂತು ಕೇಳೋರು ಇರ್ತಾರೆ.

'ಲೈವ್ ಬ್ಯಾಂಡ್' ಅಂದರೇನು?

ಈಗ ಮುಖ್ಯ ವಿಷಯಕ್ಕೆ ಬರೋಣ. ಬೇರೆ ಊರಿನಲ್ಲಿ 'ಲೈವ್ ಬ್ಯಾಂಡ್' ಅಂದರೆ ವಾದ್ಯ ನುಡಿಸುವ ತಂಡ. ಬೆಂಗಳೂರಿನ ಕನ್ನಡದಲ್ಲಿ ಹಾಗಲ್ಲ. 'ಲೈವ್ ಬ್ಯಾಂಡ್ ಮೇಲೆ ದಾಳಿ, ಯುವತಿಯರ ರಕ್ಷಣೆ' ಅನ್ನೋ ಥರದ ಸುದ್ದಿ ನೀವೆಲ್ಲ ಓದಿರ್ತೀರಿ. ಬಾರಿನಲ್ಲಿ ಹೆಂಗಸರು ಸಿನಿಮಾ ಹಾಡು ಹಾಡುವ, ಕುಣಿಯುವ ಜಾಗಕ್ಕೆ ಆ ಹೆಸರು ಅಂಟಿಕೊಂಡಿದೆ. ಅದು ಬರೀ ಆಡುಮಾತೂ ಅಲ್ಲ. ಕರ್ನಾಟಕ ಪೊಲೀಸ್ ಕಾಯ್ದೆಯಡಿ 2005ರಲ್ಲಿ ಹೊರಬಂದ ಸಾರ್ವಜನಿಕ ಮನರಂಜನಾ ಸ್ಥಳಗಳ ಆದೇಶ ಡಿಸ್ಕೊಥೆಕ್, ಕ್ಯಾಬರೆ, ಲೈವ್ ಬ್ಯಾಂಡ್ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ, ಮೂರಕ್ಕೂ ಪೊಲೀಸ್ ಕಮಿಷನರ್ ಲೈಸೆನ್ಸ್ ಬೇಕು ಅಂದಿತು. ಲೈವ್ ಬ್ಯಾಂಡ್ ರೆಸ್ಟೋರೆಂಟುಗಳ ಸಂಘ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟ್ ತನಕ ಹೋಯಿತು. 2018ರ ಜನವರಿಯಲ್ಲಿ ಕೋರ್ಟು ಆದೇಶವನ್ನು ಎತ್ತಿಹಿಡಿಯಿತು.

ತೀರ್ಪು ಬಂದ ವರ್ಷವೇ ಅದರ ಬಿಸಿ ಇಂದಿರಾನಗರಕ್ಕೆ ತಟ್ಟಿತು. ಅಲ್ಲಿ ಶಬ್ದದ ಬಗ್ಗೆ ನಿವಾಸಿಗಳ ದೂರು ಮೊದಲಿಂದಲೂ ಇತ್ತು, ಆ ದೂರಿನಲ್ಲಿ ನ್ಯಾಯವೂ ಇತ್ತು. ಮಲಗೋ ಹೊತ್ತಿಗೆ ಕಿಟಕಿ ಅದುರಿದರೆ ಯಾರಿಗೆ ಇಷ್ಟ? ಆದರೆ ಪೊಲೀಸರು ಕೇಳಿದ್ದು ಡೆಸಿಬೆಲ್ ಎಷ್ಟು ಅಂತ ಮಾತ್ರ ಅಲ್ಲ, ಲೈವ್ ಬ್ಯಾಂಡ್ ಲೈಸೆನ್ಸ್ ಎಲ್ಲಿ ಅಂತ. ಗಿಟಾರ್ ಹಿಡಿದು ತನ್ನದೇ ಹಾಡು ಹಾಡುವವಳೂ ಅದೇ ಪದದ ಕೆಳಗೆ ಬಂದಳು. ಎಷ್ಟೋ ಪಬ್ಬುಗಳು ಲೈವ್ ಸಂಗೀತವನ್ನೇ ನಿಲ್ಲಿಸಿದವು. ಹೊಸ ಬ್ಯಾಂಡುಗಳಿಗೆ ನೆಲೆಯಾಗಿದ್ದ ಹನ್ನೆರಡನೇ ಮೇನ್‌ನ 'ದಿ ಹಮ್ಮಿಂಗ್ ಟ್ರೀ' 2019ರಲ್ಲಿ ಮುಚ್ಚಿತು.

ಆಗ ಸುಲಭವಾಗಿ ಬಾಯಿಗೆ ಬರುವ ವಾದ ಒಂದಿದೆ: 'ನಾವು ಅಂಥವರಲ್ಲ, ನಾವು ಕಲಾವಿದರು.' ನನ್ನ ಗೆಳೆಯರೂ ಇದನ್ನು ಹೇಳಿದ್ದಾರೆ, ಒಂದು ಕಾಲಕ್ಕೆ ನಾನೂ ತಲೆ ಆಡಿಸಿದ್ದೆ. ಈಗ ಯೋಚಿಸಿದರೆ ಕಸಿವಿಸಿ ಆಗುತ್ತೆ. ಗಾಂಧಿನಗರದ ಬಾರಿನಲ್ಲಿ ಮೈಕು ಹಿಡಿದವಳೂ ಹೊಟ್ಟೆಪಾಡಿಗೆ ಹಾಡ್ತಾಳೆ, ಇಂದಿರಾನಗರದವಳೂ ಹಾಡಿಗೆ ದುಡ್ಡು ತಗೋತಾಳೆ. ಇಬ್ಬರ ನಡುವೆ ಗೆರೆ ಎಳೆಯೋದು ಇಂಗ್ಲಿಷು, ಜಾತಿ, ಅಪ್ಪನ ಕೆಲಸ. ಮುಂಬೈ ಬಾರುಗಳ ಆರ್ಕೆಸ್ಟ್ರಾದಲ್ಲಿ ಇಂತಿಷ್ಟೇ ಹೆಂಗಸರು ಇರಬೇಕು ಅನ್ನೋ ಷರತ್ತನ್ನು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ತೆಗೆದುಹಾಕಿತು, ಅದು ಸಮಾನತೆಗೆ ಮತ್ತು ಉದ್ಯೋಗದ ಹಕ್ಕಿಗೆ ವಿರುದ್ಧ ಅಂತ. ಆ ಕೇಸನ್ನು ಗೆದ್ದದ್ದು ಕಲಾವಿದರ ಒಕ್ಕೂಟವಲ್ಲ, ಬಾರಿನವರು.

ಎಡಪಕ್ಷಗಳ ಸರ್ಕಾರಗಳೂ ಈ ವಿಷಯದಲ್ಲಿ ಸಾಚಾ ಅಲ್ಲ. 1969ರಲ್ಲಿ ಮದ್ರಾಸಿನ ನೈಟ್‌ಕ್ಲಬ್ಬಿನಲ್ಲಿ ರೇಷ್ಮೆ ಸೀರೆ ಉಟ್ಟು ಹಾಡೋಕೆ ಶುರುಮಾಡಿದ ಉಷಾ ಉತ್ತುಪ್ ಗೊತ್ತಲ್ಲ? 1980ರ ದಶಕದಲ್ಲಿ ಪಶ್ಚಿಮ ಬಂಗಾಳದ ಎಡರಂಗ ಸರ್ಕಾರದ ಸಚಿವರೊಬ್ಬರು ಅವರ ಹಾಡುಗಾರಿಕೆಯನ್ನು 'ಅಪಸಂಸ್ಕೃತಿ' ಅಂದು ಸರ್ಕಾರಿ ಸಭಾಂಗಣಗಳ ಬಾಗಿಲು ಮುಚ್ಚಿಸಿದರು. ಉಷಾ ಕೋರ್ಟಿಗೆ ಹೋಗಿ ಗೆದ್ದರು. ನಮ್ಮಲ್ಲಿ 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿನಲ್ಲಿ ಹುಡುಗಿಯರನ್ನು ಹೊಡೆದವರು ಆಡಿದ್ದೂ ಸಂಸ್ಕೃತಿಯ ಮಾತೇ. 2016ರ ಡಿಸೆಂಬರ್ 31ರ ರಾತ್ರಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯಲ್ಲಿ ಹೆಣ್ಣುಮಕ್ಕಳ ಮೇಲೆ ಕಿರುಕುಳ ಆದಾಗ ಅಂದಿನ ಗೃಹಸಚಿವರು ಮೊದಲು ನೆನೆಸಿಕೊಂಡದ್ದು ಪಾಶ್ಚಾತ್ಯ ಉಡುಗೆಯನ್ನ.

ಸೀರೆಯ ಮಾತು ಬಂದದ್ದಕ್ಕೆ ಇನ್ನೊಂದು ಹೆಸರು ಹೇಳಲೇಬೇಕು. ರಮೇಶ್ ಶೋತಮ್ ಕಲಿತ ಅದೇ ಕಾಲೇಜ್ ಆಫ್ ಪರ್ಕಷನ್‌ನ ಗಾಯಕಿ ಆರ್.ಎ. ರಮಾಮಣಿ 1983ರಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ 'ಜ್ಯೋತಿ' ಆಲ್ಬಮ್ಮಿನಲ್ಲಿ ಹಾಡಿದರು. ಜರ್ಮನಿಯ ರಾಕ್ ಬ್ಯಾಂಡ್ 'ಎಂಬ್ರಿಯೋ' ಜೊತೆಗೂ ಈ ಕಾಲೇಜಿನವರು ಕೆಲಸ ಮಾಡಿದ್ದಾರೆ. ಪ್ರಯೋಗದ ಧೈರ್ಯದಲ್ಲಿ ರಮಾಮಣಿ ಯಾವ ರಾಕ್ ಗಾಯಕಿಗೂ ಕಡಿಮೆಯಿಲ್ಲ. ಆದರೆ ಅವರು ಬಂದದ್ದು ಕರ್ನಾಟಕ ಸಂಗೀತದ ಸಭೆಯಿಂದ, ಹಾಗಾಗಿ ಯಾವ ಇನ್ಸ್‌ಪೆಕ್ಟರೂ ಅವರನ್ನು ಲೈಸೆನ್ಸ್ ಕೇಳಲಿಲ್ಲ. ಅದು ಅವರ ತಪ್ಪಲ್ಲ. ಯಾವ ವೇದಿಕೆ 'ಸಂಸ್ಕೃತಿ', ಯಾವುದು 'ಮನರಂಜನಾ ಸ್ಥಳ' ಅಂತ ನಿರ್ಧರಿಸೋರು ಹಾಡು ಕೇಳಿ ನಿರ್ಧರಿಸಲ್ಲ, ಅಷ್ಟೇ.

ಮನೆಗೆ ಹೋಗೋದು ಹೇಗೆ?

ನನ್ನ ಗೆಳತಿಯೊಬ್ಬಳು ಹಾಡ್ತಾಳೆ, ಹಾಡು ಬರೀತಾಳೆ. ಮನೆ ಕೆ.ಆರ್. ಪುರಂ ಕಡೆ. ಹಾಡೋಕೆ ಕರೆ ಬರೋದು ಇಂದಿರಾನಗರದಿಂದ. 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ ಮತ್ತು ಕೆ.ಆರ್. ಪುರಂ ನಡುವಿನ ಮೆಟ್ರೋ ಕೊಂಡಿ ಕೂಡಿದಾಗ ಅವಳಷ್ಟು ಖುಷಿಪಟ್ಟವರನ್ನ ನಾನು ನೋಡಿಲ್ಲ. ಖುಷಿ ಅರ್ಧ ಮಾತ್ರ ಉಳೀತು. ಕೊನೆಯ ರೈಲು ಹನ್ನೊಂದರ ಆಸುಪಾಸಿಗೆ, ಅವಳ ಎರಡನೇ ಸೆಟ್ಟು ಮುಗಿಯೋದು ಅದರ ಮೇಲೆ. ಸಂಭಾವನೆಯಲ್ಲಿ ಒಂದು ಪಾಲು ಕ್ಯಾಬಿಗೆ. ಒಂದು ಜಾಗದಲ್ಲಿ, ಹೆಸರು ಬೇಡ, ತಂಡದ ಹುಡುಗರಿಗಿಂತ ಅವಳಿಗೆ ಕಡಿಮೆ ಕೊಟ್ಟರು. ನೀನು ವಾದ್ಯ ನುಡಿಸಲ್ವಲ್ಲ ಅಂದರು. ಆ ರಾತ್ರಿಯ ಆರು ಹಾಡುಗಳಲ್ಲಿ ನಾಲ್ಕನ್ನು ಬರೆದವಳು ಅವಳೇ.

ಕನ್ನಡದ ಹೋರಾಟಗಾರರು, ಬರಹಗಾರರು ದಂಡಿನ ಕಡೆ ನೋಡೋದೇ ಕಡಿಮೆ. ಅದು 'ಪಬ್ ಸಂಸ್ಕೃತಿ', ಇಂಗ್ಲಿಷಿನವರ ಗೋಳು ಅಂತ ಬಿಟ್ಟುಬಿಡ್ತೀವಿ. ಇಂಗ್ಲಿಷಿನಲ್ಲಿ ಹಾಡಿದವರನ್ನು ನಮ್ಮವರು ಅಂತ ಎಣಿಸಬೇಕಾ ಅನ್ನೋ ಅನುಮಾನ ಬೇರೆ. ಬಿದ್ದುವಿನ ಬಗ್ಗೆ ಮಾತ್ರ ಈ ಅನುಮಾನ ಬಂದಿಲ್ಲ, 'ಬೆಂಗಳೂರಿನ ಹುಡುಗ' ಅಂತ ಹೆಮ್ಮೆಪಡ್ತೀವಿ. ಇತ್ತ ಎಂ.ಡಿ. ಪಲ್ಲವಿ 2013ರಲ್ಲಿ ಜರ್ಮನ್ ನಿರ್ದೇಶಕಿ ಸೋಫಿಯಾ ಸ್ಟೆಫ್ ಜೊತೆ 'ಸಿ ಶಾರ್ಪ್ ಸಿ ಬ್ಲಂಟ್' ಎಂಬ ಏಕವ್ಯಕ್ತಿ ಸಂಗೀತ ನಾಟಕ ಮಾಡಿದರು. ಅದರಲ್ಲಿ ಗಾಯಕಿ ಒಂದು ಮೊಬೈಲ್ ಆ್ಯಪ್. ಬಳಸುವವರು ಹೇಳಿದ ಹಾಗೆ ಹಾಡಬೇಕು, ನಗಬೇಕು. ಭಾವಗೀತೆಯ ಪಲ್ಲವಿ ಮನೆ ಮನೆಗೆ ಗೊತ್ತು. ಆ ನಾಟಕ ಕನ್ನಡದ ಚರ್ಚೆಯಲ್ಲಿ ಬಂದಿದ್ದು ಎಷ್ಟು?

ರಾಧಾ ಥಾಮಸ್ ದನಿ ಕೇಳಬೇಕು ಅನ್ನಿಸಿದರೆ ಎರಡು ಸಲ ಹುಡುಕಿ. ಮೊದಲು 'ಬ್ಯಾಂಗಲೋರ್ ಬ್ಲೂಸ್', ಈಗಿನ ಹೆಸರಿನಲ್ಲಿ. ಆಮೇಲೆ ರಿಯೋ ಕವಾಸಾಕಿ ಹೆಸರು ಹಾಕಿ 'ಟ್ರಿಂಕೆಟ್ಸ್ ಅಂಡ್ ಥಿಂಗ್ಸ್'. ಹಾಡಿದವರ ಜಾಗದಲ್ಲಿ ಶೋತಮ್ ಅಂತ ಇರುತ್ತೆ, ಅದು ಅವರೇ.