ತೋಟೆಗೆ ಹಚ್ಚಿದ ಕೊಬ್ಬು, ಸಿಪಾಯಿಗಳು ಕೇಳಿದ ಮೇಣ

ವಿದ್ಯಾನಗರದಲ್ಲಿ ಕಲೆಕ್ಟರೇಟ್ ಇರುವುದರಿಂದ ನಮ್ಮ ಅಂಗಡಿಗೆ ಬರುವವರಲ್ಲಿ ಅರ್ಧ ಜನ ಯಾವುದೋ ಕಾಗದದ ಕೆಲಸಕ್ಕೆ ಬಂದವರೇ. ಜಿನಸಿ ಅಂಗಡಿಯ ಮೂಲೆಯಲ್ಲಿ ಉಪ್ಪ ಒಂದು ಜೆರಾಕ್ಸ್ ಮೆಶಿನ್ ಇಟ್ಟದ್ದು ಅದಕ್ಕಾಗಿಯೇ. ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ತೋಟದವರು ಕೋವಿಯ ಲೈಸನ್ಸ್ ನವೀಕರಿಸಲು ಬರುತ್ತಿದ್ದರು. ಹಂದಿ ಕಾಟಕ್ಕೆ ಇಟ್ಟುಕೊಂಡ ಹಳೆಯ ಕೇಪಿನ ಕೋವಿಗಳು.

ನಾನು ಡಿಪ್ಲೊಮಾ ಓದುತ್ತಿದ್ದ ಕಾಲ. ಹಾಗೆ ಬಂದ ಒಬ್ಬ ಹಿರಿಯರು ಜೆರಾಕ್ಸ್ ಆದ ಮೇಲೆ ಉಪ್ಪನಲ್ಲಿ ಕೇಳಿದರು, ‘ಬ್ಯಾರಿಗಳೇ, ಜೇನುಮೇಣ ಉಂಟಾ? ತೆಂಗಿನೆಣ್ಣೆಯೂ ಒಂದು ಕುಪ್ಪಿ ಕೊಡಿ.’

‘ಮೇಣ ಎಂಥಕ್ಕೆ?’

‘ಕೋವಿಗೆ. ಎಣ್ಣೆ ಮಾತ್ರ ಹಚ್ಚಿದರೆ ಇಳಿದು ಹೋಗ್ತದೆ. ಮೇಣ ಸೇರಿಸಿದರೆ ನಿಲ್ತದೆ. ನಮ್ಮಪ್ಪ ಸೀಸದ ಗುಂಡು ಮನೆಯಲ್ಲೇ ಎರಕ ಹೊಯ್ಯುವಾಗ ಅದಕ್ಕೂ ಇದನ್ನೇ ಹಚ್ಚುತ್ತಿದ್ದರು.’

ನಮ್ಮಲ್ಲಿ ಮೇಣ ಇರಲಿಲ್ಲ. ಎಣ್ಣೆ ಮಾತ್ರ ಕೊಂಡು ಹೋದರು. ಆ ವಾರವೇ ನಮಗೆ ಕ್ಲಾಸಿನಲ್ಲಿ ಲೂಬ್ರಿಕೇಶನ್ ಪಾಠ ನಡೆಯುತ್ತಿತ್ತು. ಪುಸ್ತಕದಲ್ಲಿ ಎರಡು ಪುಟ ಹೇಳಿದ್ದನ್ನು ಅವರು ಎರಡು ಮಾತಿನಲ್ಲಿ ಹೇಳಿದ್ದರು.

ಅವರ ಮಾತು ಮತ್ತೆ ನೆನಪಾದದ್ದು 1857ರ ಬಗ್ಗೆ ಓದುವಾಗ. ಶಾಲೆಯಲ್ಲಿ ನಮಗೆಲ್ಲ ಹೇಳಿದ್ದು ಒಂದೇ ಸಾಲು: ತೋಟೆಗೆ ದನದ ಕೊಬ್ಬು, ಹಂದಿ ಕೊಬ್ಬು ಹಚ್ಚಿದ್ದಾರೆ ಎಂಬ ವದಂತಿಯಿಂದ ಸಿಪಾಯಿಗಳು ದಂಗೆ ಎದ್ದರು. ‘ವದಂತಿ’ ಎಂದಾಗ ಕ್ಲಾಸಿನಲ್ಲಿ ಒಂದು ಸಣ್ಣ ನಗು. ಓದುಬರಹ ಇಲ್ಲದವರು, ಮಡಿ ಮೈಲಿಗೆ ಎಂದು ರಾಜ್ಯ ಕಳೆದುಕೊಂಡವರು ಎಂಬ ಹಾಗೆ. ಸಿಪಾಯಿಗಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ, ಅಷ್ಟೇ ಅಲ್ಲ, ಅವರು ಸೂಚಿಸಿದ ಮದ್ದು ಮೆಕ್ಯಾನಿಕಲ್ ಲೆಕ್ಕದಲ್ಲೂ ಸರಿಯಿತ್ತು ಎಂದು ಈಗ ನನಗೆ ಅನ್ನಿಸುತ್ತದೆ.

ಮೊದಲು ಗುಂಡಿಗೆ ಜಿಡ್ಡು ಯಾಕೆ ಬೇಕು ಎಂದು ನೋಡೋಣ. ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗುವುದಿಲ್ಲ, ಗಟ್ಟಿ ಕಣಗಳಾಗಿ ಉಳಿಯುತ್ತದೆ. ನಾಲ್ಕು ಗುಂಡು ಹೊಡೆಯುವಷ್ಟರಲ್ಲಿ ನಳಿಗೆಯೊಳಗೆ ಕರಿ ಪದರ ಕೂರುತ್ತದೆ. ಹಳೆಯ ಕೋವಿಯ ನಳಿಗೆ ಒಳಗೆ ನುಣುಪು, ಗುಂಡು ಸಡಿಲ, ಹೇಗೋ ನಡೆಯುತ್ತಿತ್ತು. 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ ಹಾಗಲ್ಲ. 0.577 ಇಂಚಿನ ನಳಿಗೆ, ಒಳಗೆ ಮೂರು ಸುರುಳಿ ಗೀರು. ಗುಂಡು ನಳಿಗೆಗಿಂತ ಕೂದಲೆಳೆ ಸಣ್ಣದು, ಹಿಂಬದಿ ಟೊಳ್ಳು. ಮದ್ದು ಉರಿದಾಗ ಮೆತ್ತನೆ ಸೀಸ ಉಬ್ಬಿ ಗೀರುಗಳನ್ನು ಹಿಡಿಯುತ್ತದೆ, ತಿರುಗುತ್ತಾ ಹೋಗಿ ದೂರದ ಗುರಿ ಮುಟ್ಟುತ್ತದೆ. ಇಷ್ಟು ಬಿಗಿ ಇರುವಲ್ಲಿ ಕಿಟ್ಟ ಕೂತರೆ ಗಜ ಹಾಕಿ ಎಷ್ಟು ಜಡಿದರೂ ಗುಂಡು ಇಳಿಯದು. ಆದ್ದರಿಂದ ಕಿಟ್ಟವನ್ನು ಮೆತ್ತಗಿಡಲು ಜಿಡ್ಡು ಬೇಕೇ ಬೇಕು. ಅದು ಇದ್ದದ್ದು ಗುಂಡಿನ ಸುತ್ತ ಸುತ್ತಿದ ಕಾಗದದ ಮೇಲೆ. ಸಿಪಾಯಿ ಹಲ್ಲಿನಿಂದ ಕಚ್ಚುತ್ತಿದ್ದದ್ದು ಅದೇ ಕಾಗದದ ಇನ್ನೊಂದು ತುದಿ, ಮದ್ದಿನ ಕಡೆ. ಕಚ್ಚುವ ತುದಿಗೆ ಕೊಬ್ಬು ಇರಲಿಲ್ಲವಲ್ಲ ಎಂದು ವಾದ ಮಾಡುವವರಿದ್ದಾರೆ. ಆದರೆ ಸೆಕೆಗೆ ಕರಗಿದ ಕೊಬ್ಬು ಕಾಗದದಲ್ಲಿ ಎಲ್ಲಿಯವರೆಗೆ ಹರಡುತ್ತದೆ ಎಂದು ಅಂಗಡಿಯಲ್ಲಿ ಬಜ್ಜಿ ಕಟ್ಟಿ ಕೊಟ್ಟವನನ್ನು ಕೇಳಿ. ಅಲ್ಲದೆ ಕೈಗೆ ಹತ್ತಿದ್ದು ಬಾಯಿಗೆ ಹೋಗದೆ ಇರುತ್ತದಾ?

ಆ ಜಿಡ್ಡು ಟ್ಯಾಲೋ, ಅಂದರೆ ಪ್ರಾಣಿ ಕೊಬ್ಬು, ಜೊತೆಗೆ ಸ್ವಲ್ಪ ಮೇಣ. ಯಾವ ಪ್ರಾಣಿಯದ್ದು? ಇದನ್ನು ಮೊದಲು ಕೇಳಿದವನು ಸಿಪಾಯಿ ಅಲ್ಲ. 1853ರಲ್ಲಿ ಈ ತೋಟೆಗಳನ್ನು ಇಲ್ಲಿಯ ಹವೆಯಲ್ಲಿ ಪರೀಕ್ಷಿಸಲು ಕಳಿಸಿದಾಗ, ಬಂಗಾಳ ಸೈನ್ಯದ ಅಡ್ಜುಟಂಟ್ ಜನರಲ್ ಆಗಿದ್ದ ಕರ್ನಲ್ ಟಕ್ಕರ್ ಬರೆದಿದ್ದ: ಜನರ ಜಾತಿ ಧರ್ಮಕ್ಕೆ ಅಡ್ಡಿ ಬರುವಂಥ ಕೊಬ್ಬು ಇದರಲ್ಲಿ ಇಲ್ಲವೆಂದು ಖಚಿತವಾಗದೆ ದೇಶೀ ಪಲ್ಟನ್‌ಗಳಿಗೆ ಕೊಡಬಾರದು. ಆ ಕಾಗದ ಯಾವ ಕಡತದಲ್ಲಿ ಮಲಗಿತೋ, ಮೂರು ವರ್ಷ ಯಾರೂ ಅದನ್ನು ಎಬ್ಬಿಸಲಿಲ್ಲ.

1857ರ ಜನವರಿ. ಕಲ್ಕತ್ತಾ ಹತ್ತಿರದ ಡಮ್‌ಡಮ್‌ನಲ್ಲಿ ಹೊಸ ರೈಫಲಿನ ತರಬೇತಿ. ನೀರಿನ ಲೋಟಾದ ವಿಷಯದಲ್ಲಿ ಒಬ್ಬ ಖಲಾಸಿಗೂ ಒಬ್ಬ ಬ್ರಾಹ್ಮಣ ಸಿಪಾಯಿಗೂ ಮಾತಿಗೆ ಮಾತು ಬೆಳೆದು ಕೊಬ್ಬಿನ ಸುದ್ದಿ ಹೊರಗೆ ಬಂದ ಕಥೆ ನಿಮಗೆ ಗೊತ್ತಿರಬಹುದು. ಅದರ ನಂತರ ನಡೆದದ್ದನ್ನು ಪಾಠಪುಸ್ತಕ ಹೇಳುವುದಿಲ್ಲ. ಅಲ್ಲಿಯ ಅಧಿಕಾರಿ ಮೇಜರ್ ಬಾಂಟೀನ್ ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸಿ ದೂರು ಏನೆಂದು ಕೇಳಿದ. ಅವರು ಬಂದೂಕು ಬೇಡ ಎನ್ನಲಿಲ್ಲ, ತೋಟೆ ಬೇಡ ಎನ್ನಲಿಲ್ಲ. ಈ ಕೊಬ್ಬಿನ ಬದಲು ಬರೀ ಮೇಣ ಮತ್ತು ಎಣ್ಣೆ ಸೇರಿಸಿ ಹಚ್ಚಬಹುದು ಎಂದರು.

ಪೆರ್ಲದ ಕಡೆಯಿಂದ ಬಂದ ಆ ಹಿರಿಯರು ಕೇಳಿದ್ದೂ ಅದನ್ನೇ!

ಆ ತಿಂಗಳ 27ಕ್ಕೆ ಸರಕಾರದ ಮಿಲಿಟರಿ ಕಾರ್ಯದರ್ಶಿ ಕರ್ನಲ್ ಬರ್ಚ್ ಆದೇಶ ಕೊಟ್ಟ: ತೋಟೆಯನ್ನು ಜಿಡ್ಡಿಲ್ಲದೆ ಕೊಡಿ, ಸಿಪಾಯಿಗಳು ತಮಗೆ ಬೇಕಾದ್ದನ್ನು ತಾವೇ ಹಚ್ಚಿಕೊಳ್ಳಲಿ. ಆದರೆ ಹಿಂದಿನ ಕೊಬ್ಬು ಯಾವುದೆಂಬ ಪ್ರಶ್ನೆಗೆ ನೇರ ಉತ್ತರ ಬರಲಿಲ್ಲ. ಆಕ್ಷೇಪಾರ್ಹ ಕೊಬ್ಬು ಸೇರದಂತೆ ವಿಶೇಷ ಎಚ್ಚರಿಕೆ ತೆಗೆದುಕೊಂಡಿರಲಿಲ್ಲ ಎಂದು ಮದ್ದುಗುಂಡು ವಿಭಾಗದ ಮುಖ್ಯಸ್ಥ ಕರ್ನಲ್ ಅಬ್ಬಟ್ಟನೇ ಒಪ್ಪಿಕೊಂಡದ್ದು ದಾಖಲೆಯಲ್ಲಿದೆ.

ನಂಬಿಕೆ ಒಮ್ಮೆ ಹೋದ ಮೇಲೆ ಜಿಡ್ಡು ತೆಗೆದರೂ ಪ್ರಯೋಜನವಾಗಲಿಲ್ಲ. ಫೆಬ್ರವರಿಯಲ್ಲಿ ಬ್ಯಾರಕ್‌ಪುರದ ವಿಚಾರಣೆಯಲ್ಲಿ ಸಿಪಾಯಿಗಳು ಕಾಗದದ ಹೊಳಪನ್ನೇ ತೋರಿಸಿದರು, ಸುಟ್ಟರೆ ಚರಚರ ಎನ್ನುತ್ತದೆ, ಇದರಲ್ಲಿ ಕೊಬ್ಬಿದೆ ಎಂದರು. ಏಪ್ರಿಲ್ 24ಕ್ಕೆ ಮೀರತ್‌ನಲ್ಲಿ ತೋಟೆ ಮುಟ್ಟಲು ಒಪ್ಪದವರು 90ರಲ್ಲಿ 85 ಮಂದಿ, ಹಿಂದೂಗಳೂ ಮುಸ್ಲಿಮರೂ ಸೇರಿ. ಅಲ್ಲಿ ಕೊಟ್ಟದ್ದು ಹಳೆಯ ರೀತಿಯ ತೋಟೆ. ಮೇ 9ಕ್ಕೆ ಅವರಿಗೆ ಎಲ್ಲರೆದುರು ಬೇಡಿ ಹಾಕಿದರು. ಮರುದಿನ ಏನಾಯಿತೆಂದು ಎಲ್ಲರಿಗೂ ಗೊತ್ತು.

ನಮ್ಮ ಅಂಗಡಿಯಲ್ಲಿ ಈಗಲೂ ಉಮ್ಮಂದಿರು ಬಿಸ್ಕೆಟ್, ಜೆಲ್ಲಿ ಮಿಠಾಯಿ ಪೊಟ್ಟಣ ತಿರುಗಿಸಿ ಓದುತ್ತಾರೆ, ‘ಮೋನೇ, ಇದರಲ್ಲಿ ಜೆಲಟಿನ್ ಉಂಟಾ?’ ಎಂದು ಕೇಳುತ್ತಾರೆ. ಗೊತ್ತಿದ್ದರೆ ಹೇಳಬೇಕು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬೇಕು, ‘ಅದೆಲ್ಲ ಏನಿಲ್ಲ, ತೆಕ್ಕೊಳ್ಳಿ’ ಎನ್ನಬಾರದು ಎಂದು ಉಪ್ಪ ನನಗೆ ಹೇಳಿದ್ದಾರೆ. ಈ ಪ್ರಶ್ನೆಯನ್ನು ಯಾರೂ ವದಂತಿ ಎನ್ನುವುದಿಲ್ಲ.

ಈಗ ಎಣ್ಣೆ ಮೇಣದ ಲೆಕ್ಕ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೆ ಕರಗುತ್ತದೆ, ನಮ್ಮೂರಿನಲ್ಲಿ ವರ್ಷದ ಹೆಚ್ಚಿನ ದಿನ ನೀರೇ. ಪ್ರಾಣಿ ಕೊಬ್ಬು 40ರ ಆಸುಪಾಸಿನಿಂದ ಮೆತ್ತಗಾಗುತ್ತದೆ. ಜೇನುಮೇಣಕ್ಕೆ 62ರಿಂದ 65 ಡಿಗ್ರಿ ಬೇಕು. ಕಳೆದ ಬಕ್ರೀದಿನ ಆಡಿನ ಕೊಬ್ಬನ್ನು ಸ್ವಲ್ಪ ಕರಗಿಸಿ ಇಟ್ಟುಕೊಂಡಿದ್ದೆ (ಪಾತ್ರೆ ಹಾಳು ಮಾಡಿದ್ದಕ್ಕೆ ಉಮ್ಮನ ಬೈಗುಳ ಬೇರೆ). ಸೆಕೆಗಾಲದಲ್ಲಿ ಅಂಗಡಿಯ ಹಿಂದೆ ತಗಡಿನ ಮಾಡಿನ ಕೆಳಗೆ ಐದು ಕಾಗದದ ಮೇಲೆ ಐದು ಬೊಟ್ಟು ಇಟ್ಟೆ: ತೆಂಗಿನೆಣ್ಣೆ, ತುಪ್ಪ, ಆಡಿನ ಕೊಬ್ಬು, ಬರೀ ಮೇಣ, ಅರ್ಧ ಮೇಣ ಅರ್ಧ ತೆಂಗಿನೆಣ್ಣೆ. ಮಧ್ಯಾಹ್ನ ಮೂರಕ್ಕೆ ನೋಡಿದರೆ ಎಣ್ಣೆ ಮತ್ತು ತುಪ್ಪ ಕಾಗದ ದಾಟಿ ಹಲಗೆಗೆ ಇಳಿದಿದ್ದವು. ಕೊಬ್ಬಿನ ಸುತ್ತ ದೊಡ್ಡ ಜಿಡ್ಡಿನ ವೃತ್ತ. ಬರೀ ಮೇಣ ಜಾಗ ಬಿಟ್ಟು ಕದಲಿರಲಿಲ್ಲ, ಆದರೆ ಕಾಗದ ಮಡಚಿದರೆ ಎದ್ದು ಬಂತು. ಮಿಶ್ರಣ ಮಾತ್ರ ನಿಂತಿತ್ತು, ಬೆರಳಲ್ಲಿ ಒತ್ತಿದರೆ ಹರಡಿತು. ಇದು ಪ್ರಯೋಗಾಲಯದ ಪರೀಕ್ಷೆ ಅಲ್ಲ, ನಾನು ಗುಂಡು ಹೊಡೆದದ್ದೂ ಇಲ್ಲ. ಆದರೂ ಜಿಡ್ಡು ಕಾಗದ ದಾಟಿ ಮದ್ದಿಗೆ ಇಳಿದರೆ ತೋಟೆ ಕೆಟ್ಟಂತೆ, ಅಷ್ಟಕ್ಕೆ ಈ ಪರೀಕ್ಷೆ ಸಾಕು.

ಕೊಬ್ಬಿಗೆ ಇನ್ನೊಂದು ದೋಷ. ಹಳತಾದಂತೆ ಅದರಲ್ಲಿ ಆಮ್ಲ ಹೆಚ್ಚುತ್ತದೆ, ಆಮ್ಲ ಸೀಸವನ್ನು ತಿನ್ನುತ್ತದೆ, ಗುಂಡಿನ ಮೇಲೆ ಬಿಳಿ ಪದರ ಕಟ್ಟುತ್ತದೆ. ಬಿಗಿ ನಳಿಗೆಗೆ ಅಷ್ಟು ದಪ್ಪವೂ ತೊಂದರೆಯೇ. ಮುಂದೆ ಬ್ರಿಟಿಷ್ ಸೈನ್ಯವೇ ಕೊಬ್ಬು ಬಿಟ್ಟು ಜೇನುಮೇಣಕ್ಕೆ ಬಂತು. ಸಿಪಾಯಿಗಳ ಮಾತು ಕೇಳಿ ಅಲ್ಲ, ತಮ್ಮದೇ ಗುಂಡು ನಳಿಗೆಯಲ್ಲಿ ಸಿಕ್ಕಿಕೊಂಡು!

ಇಂದು ಮನೆಯಲ್ಲಿ ಗುಂಡು ಎರಕ ಹೊಯ್ದು ಗುರಿ ಹೊಡೆಯುವ ಹವ್ಯಾಸ ಹೆಚ್ಚಾಗಿ ಅಮೆರಿಕ, ಯುರೋಪಿನದ್ದು. 1971ರಲ್ಲಿ ಹುಟ್ಟಿದ ಎಂಎಲ್‌ಎಐಸಿ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಹಳೆಯ ಬಾಯಿಮದ್ದಿನ ಬಂದೂಕುಗಳಿಗೆಂದೇ ಸ್ಪರ್ಧೆ ನಡೆಸುತ್ತದೆ. ಎನ್‌ಫೀಲ್ಡ್ ಜಾತಿಯ ರೈಫಲಿಗೆ 100 ಮೀಟರಿನ ಸ್ಪರ್ಧೆಯೇ ಇದೆ. ಅಲ್ಲಿಯವರು ಕೊಬ್ಬನ್ನೂ ಬಳಸುತ್ತಾರೆ, ಸಸ್ಯದ ಎಣ್ಣೆಯನ್ನೂ ಬಳಸುತ್ತಾರೆ, ಆದರೆ ಹೆಚ್ಚಿನವರ ಡಬ್ಬದಲ್ಲಿ ಜೇನುಮೇಣ ಇದ್ದೇ ಇರುತ್ತದೆ. ಕರಿಮದ್ದಿಗೆ ಪೆಟ್ರೋಲಿಯಂ ಗ್ರೀಸ್ ಹಾಕಿದರೆ ಕಿಟ್ಟ ಡಾಂಬರಿನಂತಾಗುತ್ತದೆ ಎನ್ನುತ್ತಾರೆ. ಹೊಗೆಯಿಲ್ಲದ ಮದ್ದಿನಲ್ಲಿ ಚಿಂತೆ ಬೇರೆ, ಅಲ್ಲಿ ವೇಗ ಹೆಚ್ಚಾಗಿ ಸೀಸವೇ ನಳಿಗೆಗೆ ಅಂಟುತ್ತದೆ. ಅದಕ್ಕೆ ಅಮೆರಿಕದ ಎನ್‌ಆರ್‌ಎ ಹೆಸರಿನಲ್ಲಿ ಪ್ರಸಿದ್ಧವಾದ ಪಾಕ ಅರ್ಧ ಆಲಾಕ್ಸ್ ಎಂಬ ತುಕ್ಕುನಿರೋಧಕ, ಅರ್ಧ ಜೇನುಮೇಣ.

ನಮಗೆ ಹತ್ತಿರದಲ್ಲಿ ಗುರಿ ಹೊಡೆಯುವ ಸಂಪ್ರದಾಯ ಉಳಿದಿರುವುದು ಕೊಡಗಿನಲ್ಲಿ. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಪೂಜೆ ಮಾಡಿ, ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡುತ್ತಾರೆ. ಅಲ್ಲಿ ಕೊಡವರಿಗೆ ಕೋವಿಯ ಲೈಸನ್ಸಿನಿಂದ ವಿನಾಯಿತಿ ಇದೆ. ಅದರ ಬೇರೂ 1857ರಲ್ಲೇ ಇದೆ. ದಂಗೆಯ ನಂತರ ಸರಕಾರ ಜನರಿಂದ ಆಯುಧ ಕಿತ್ತುಕೊಳ್ಳುವ ಕಾನೂನು ತಂದಿತು. ಕೊಡವರು ನಿಷ್ಠರಾಗಿದ್ದರೆಂದು 1861ರಲ್ಲಿ ಮಾರ್ಕ್ ಕಬ್ಬನ್ ಅವರನ್ನು ಅದರಿಂದ ಹೊರಗಿಟ್ಟ. ಪಾಣತ್ತೂರು ದಾಟಿದರೆ ಕೊಡಗು, ಈಚೆ ಬದಿಯ ತೋಟದವರಿಗೆ ವಿದ್ಯಾನಗರದ ಕ್ಯೂ.

ಮೊನ್ನೆ ಆ ಹಿರಿಯರ ಮಗ ಬಂದಿದ್ದರು. ಅಪ್ಪ ತೀರಿಕೊಂಡರು, ಕೋವಿಯನ್ನು ಠಾಣೆಗೆ ಒಪ್ಪಿಸಿದ ರಸೀದಿಗೆ ಜೆರಾಕ್ಸ್ ಬೇಕು ಎಂದರು. ಅಜ್ಜನ ಕಾಲದ ಗುಂಡಿನ ಅಚ್ಚು ಮಾತ್ರ ಮನೆಯಲ್ಲೇ ಇದೆಯಂತೆ. ತುಕ್ಕು ಹಿಡಿದಿರಬೇಕಲ್ಲ ಎಂದೆ.

‘ಇಲ್ಲ ಮಾರಾಯ, ಅಪ್ಪ ಎಂಥದೋ ಹಚ್ಚಿಟ್ಟಿದ್ದರು. ಮುಟ್ಟಿದರೆ ಈಗಲೂ ಕೈಗೆ ಜೇನಿನ ವಾಸನೆ.’