ಮೂಗಿನ ಹನಿಯಿಂದ ದೇವಣಿ ಕೊಟ್ಟಿಗೆಗೆ

ಔರಾದ್ ಕಡೆಯಿಂದ ಭಾಲ್ಕಿಗೆ ಬರುವ ದಾರಿಯಲ್ಲಿ ದೇವಣಿ ದನ ಕಂಡರೆ ನಾನು ಗಾಡಿ ನಿಲ್ಲಿಸಿ ನೋಡುತ್ತೇನೆ. ಮೈಯೆಲ್ಲ ಬಿಳಿಯಿದ್ದರೆ ಬಾಳಂಕ್ಯಾ, ಬಿಳಿ ಮೈಗೆ ಕಪ್ಪು ಮೋರೆಯಿದ್ದರೆ ವಾನೇರಾ, ಮೈಮೇಲೆ ಕಪ್ಪು ಮಚ್ಚೆಗಳಿದ್ದರೆ ಶೇವೇರಾ. ಇದು ನಮ್ಮ ರೈತರ ಕಣ್ಣಳತೆ. ದನದ ರಕ್ತದಲ್ಲಿ, ಹಾಲಿನಲ್ಲಿ ಇರುವುದನ್ನು ಗುರುತಿಸಲು ಮಾತ್ರ ಬೇರೆಯ ಕಣ್ಣು ಬೇಕು. ಆ ಕಣ್ಣಿನ ಚರಿತ್ರೆ ಶುರುವಾಗುವುದು ಒಂದು ನೆಗಡಿಯಿಂದ.

1921ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ತನ್ನದೇ ಮೂಗಿನ ಸಿಂಬಳವನ್ನು ಬ್ಯಾಕ್ಟೀರಿಯಾ ಬೆಳೆದ ತಟ್ಟೆಗೆ ಹಾಕಿ ನೋಡಿದ. ಸುತ್ತಲಿನ ಬ್ಯಾಕ್ಟೀರಿಯಾ ಕರಗಿಹೋಗಿದ್ದವು. ಅವುಗಳ ಗೋಡೆ ಒಡೆಯುವ ಆ ಕಿಣ್ವವನ್ನು ಆತ 1922ರಲ್ಲಿ ಲೈಸೊಜೈಮ್ ಎಂಬ ಹೆಸರಿನಲ್ಲಿ ಪ್ರಕಟಿಸಿದ. ಕಣ್ಣೀರಿಗಾಗಿ ಸಹೋದ್ಯೋಗಿಗಳ ಕಣ್ಣಿಗೆ ನಿಂಬೆರಸ ಹಿಂಡಿದ್ದೂ ಉಂಟು. 1928ರ ಪೆನಿಸಿಲಿನ್ ಬಂದ ಮೇಲೆ ಈ ಮೊದಲ ಮಗು ಮೂಲೆಗೆ ಸರಿಯಿತು.

ಅದನ್ನು ಅಳೆಯುವ ಸಾಧನವಾಗಿ ಒದಗಿದ್ದು ಪ್ರತಿಕಾಯ. ಒಂದು ಪ್ರೋಟೀನನ್ನು ಮೊಲಕ್ಕೆ ಚುಚ್ಚಿದರೆ ಅದರ ರಕ್ತ ಆ ಪ್ರೋಟೀನಿಗೆ ಅಂಟುವ ಪ್ರತಿಕಾಯ ತಯಾರಿಸುತ್ತದೆ. 1971ರಲ್ಲಿ ಸ್ಟಾಕ್‌ಹೋಮ್‌ನ ಎಂಗ್ವಾಲ್ ಮತ್ತು ಪರ್ಲ್‌ಮನ್ ಅದರಿಂದ ಎಲಿಸಾ ಪರೀಕ್ಷೆ ರೂಪಿಸಿದರು. 1975ರಲ್ಲಿ ಕೇಂಬ್ರಿಜ್‌ನ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಬೆಳೆಸುವ ದಾರಿ ತೋರಿದರು.

ಆದರೆ ಈ ಕಣ್ಣು ಬಹಳ ಹಟಮಾರಿ. 1986ರಲ್ಲಿ ಕೋಳಿಮೊಟ್ಟೆಯ ಲೈಸೊಜೈಮಿಗೆ ಪ್ರತಿಕಾಯ ಅಂಟಿದ ಚಿತ್ರವನ್ನು ಪ್ಯಾರಿಸ್ಸಿನ ಪೋಲ್ಯಾಕ್ ತಂಡ ಪ್ರಕಟಿಸಿತು. ಆ ಕಿಣ್ವದಲ್ಲಿ 129 ಅಮೈನೊ ಆಮ್ಲಗಳಿವೆ. 121ನೆಯದು ಗ್ಲುಟಮಿನ್ ಬದಲು ಹಿಸ್ಟಿಡಿನ್ ಆದರೆ ಸಾಕು, ಆ ಪ್ರತಿಕಾಯ ಹೆಚ್ಚುಕಡಿಮೆ ಗುರುತೇ ಹಿಡಿಯದು.

ಹಂದಿಯ ವಿಷಯ ಬಂದಾಗ ಇದು ದೊಡ್ಡ ಪ್ರಶ್ನೆ. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಮಾನವ ಲೈಸೊಜೈಮ್ ಇರುವ ಮೇಕೆಹಾಲನ್ನು ಭೇದಿಯಾದ ಹಂದಿಮರಿಗಳಿಗೆ ಕುಡಿಸಿದಾಗ ಅವು ಬೇಗ ಚೇತರಿಸಿಕೊಂಡವು. ಅಲ್ಲಿ ಕಂಡ ಕಿಣ್ವ ಹಾಲಿನದೋ ಮರಿಯ ಸ್ವಂತದ್ದೋ? ಎರಡನ್ನೂ ಬೇರ್ಪಡಿಸುವ ಪ್ರತಿಕಾಯ ಬೇಕು. ಇನ್ನು 'ಇಲ್ಲ' ಎಂಬ ಉತ್ತರಕ್ಕೆ ಎರಡು ಅರ್ಥ: ಕಿಣ್ವವೇ ಇಲ್ಲ, ಅಥವಾ ಪ್ರತಿಕಾಯ ಕುರುಡು. ಕಿಣ್ವ ಇದೆಯೆಂದು ಖಚಿತವಿರುವ ಹಂದಿಯ ಮಾದರಿಯನ್ನೂ ಜೊತೆಗಿಟ್ಟು ನೋಡದೆ ಯಾವುದೆಂದು ತಿಳಿಯದು.

ನಮ್ಮ ದನದ ಲೆಕ್ಕ ಇನ್ನೂ ಜಟಿಲ. ಹಸುವಿನಲ್ಲಿ ಲೈಸೊಜೈಮಿನ ಜೀನ್‌ಗಳೇ ಸುಮಾರು ಹತ್ತು. ಅವುಗಳಲ್ಲಿ ಕೆಲವು ನಾಲ್ಕನೆಯ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾಗಳನ್ನು ಅರಗಿಸಲೆಂದೇ ಇವೆ. ಹಾಲಿನಲ್ಲಿ ಮಾತ್ರ ಅತ್ಯಲ್ಪ. ತಾಯಿಹಾಲಿನಲ್ಲಿ ಅದರ ಸಾವಿರ ಪಟ್ಟಿಗೂ ಮಿಗಿಲು. ಹಂದಿಗೆಂದು ಮಾಡಿದ ಪ್ರತಿಕಾಯವನ್ನು ಇಲ್ಲಿ ಪರೀಕ್ಷಿಸದೆ ನಂಬುವುದು ಹೇಗೆ?

ಬೀದರಿನ ನಂದಿನಗರದಲ್ಲಿ 2004ರಿಂದ ಪಶುವೈದ್ಯ ವಿಶ್ವವಿದ್ಯಾಲಯವಿದೆ; ಭಾಲ್ಕಿ ತಾಲೂಕಿನ ಕಟ್ಟಿತೂಗಾಂವದಲ್ಲಿ ಅದರ ದೇವಣಿ ಕೇಂದ್ರವಿದೆ. ಕೆಚ್ಚಲು ಬಾವಿಗೆ ಕಣ್ಣುಮುಚ್ಚಿ ಆಂಟಿಬಯಾಟಿಕ್ ಕೊಡುವ ಮುನ್ನ ಹಸು ತಾನೇ ಎಷ್ಟು ಹೋರಾಡುತ್ತಿದೆ ಎಂದು ತಿಳಿಯಬೇಕಾದರೆ ಅಳತೆಗೋಲು ಸರಿಯಿರಬೇಕು. ಔಷಧ ಕಡಿಮೆ ಪ್ರಮಾಣದಲ್ಲಿ ಬಳಸಿದರೆ ರೋಗಾಣು ಬಗ್ಗದಂತಾಗುತ್ತದೆ ಎಂದು ಫ್ಲೆಮಿಂಗ್ 1945ರಲ್ಲೇ ಎಚ್ಚರಿಸಿದ್ದ. ವಾನೇರಾವನ್ನು ಬಾಳಂಕ್ಯಾ ಎಂದರೆ ನಮ್ಮ ರೈತ ನಗುತ್ತಾನೆ. ಪ್ರಯೋಗಾಲಯಕ್ಕೂ ಅಷ್ಟೇ ಚೊಕ್ಕ ಕಣ್ಣಿರಲಿ.